ಕಥೆ ಕಟ್ಟಬೇಡ ಎನ್ನುವ ಮೊದಲು

ಗೆ,
ಹೈಸ್ಕೂಲು ಕನ್ನಡದ ಪಠ್ಯಪುಸ್ತಕ ರೂಪಿಸುವ, ಪ್ರಶ್ನೆಪತ್ರಿಕೆ ತೆಗೆಯುವ, ಮಕ್ಕಳ ಸ್ಪರ್ಧೆಗಳಿಗೆ ನಿಯಮ ಬರೆಯುವ ಎಲ್ಲ ಹಿರಿಯರಿಗೆ

ವಿಷಯ: ಎಂಟು, ಒಂಬತ್ತು, ಹತ್ತನೇ ತರಗತಿಯ ಮಕ್ಕಳಿಗೆ ಕಥೆ ಕಟ್ಟುವುದನ್ನು ಕಲಿಸಲು ಒಂದಿಷ್ಟು ಜಾಗ ಕೊಡುವ ಕುರಿತು

ಮಾನ್ಯರೇ,

ಒಂಬತ್ತನೇ ಕ್ಲಾಸಿನ ಹುಡುಗನೊಬ್ಬ ಒಂದು ದಿನ ಮುಕ್ಕಾಲು ಗಂಟೆ ತಡವಾಗಿ ಬಂದ. ಯಾಕೋ ಅಂದೆ. ಶುರು ಮಾಡಿದ. ಬೆಳಿಗ್ಗೆ ಇವರ ಎಮ್ಮೆ ಹಗ್ಗ ಕಿತ್ತುಕೊಂಡು ಪಕ್ಕದವರ ಶುಂಠಿ ಹೊಲಕ್ಕೆ ನುಗ್ಗಿತಂತೆ. ಆ ಮನೆಯವರಿಗೂ ಇವರಿಗೂ ಬದುವಿನ ವಿಚಾರಕ್ಕೆ ಎರಡು ವರ್ಷದಿಂದ ಮಾತಿಲ್ಲ. ಅವರು ಏಳುವುದರೊಳಗೆ ಎಮ್ಮೆ ಆಚೆ ಬರಬೇಕು. ಕೂಗಿ ಕರೆದರೆ ಅವರಿಗೆ ಎಚ್ಚರವಾಗುತ್ತದೆ. ಹೊಡೆದರೆ ಎಮ್ಮೆ ಓಡಾಡಿ ಇನ್ನಷ್ಟು ಗಿಡ ತುಳಿಯುತ್ತದೆ. ಅದಕ್ಕೇ ಹಿಂಡಿ ಬಕೆಟ್ಟು ಹಿಡಿದುಕೊಂಡು, ಅದಕ್ಕೆ ತೋರಿಸುತ್ತಾ, ಹಿಂದಹಿಂದಕ್ಕೆ ಹೆಜ್ಜೆ ಹಾಕುತ್ತಾ ಬಂದನಂತೆ. ಬದುವಿನ ಹತ್ತಿರ ಬಂದು ತಿರುಗಿ ನೋಡಿದರೆ ಆ ಮನೆಯ ಯಜಮಾನರು ಅಲ್ಲೇ ನಿಂತಿದ್ದಾರೆ.

"ಕಥೆ ಕಟ್ಟಬೇಡ, ಹೋಗಿ ಕೂತ್ಕೋ" ಅಂದೆ.

ಕ್ಲಾಸೆಲ್ಲ ನಕ್ಕಿತು. ಹುಡುಗ ಹೋಗಿ ಕೂತ. ನಾನು ಸಂಧಿ ಪಾಠ ಮುಂದುವರಿಸಿದೆ. ಆದರೆ ಸವರ್ಣದೀರ್ಘ ಹೇಳುತ್ತಿದ್ದರೂ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ. ಆ ಯಜಮಾನರು ಏನಂದರು? ಬೆಲ್ ಹೊಡೆದ ಮೇಲೆ ಅವನನ್ನು ಕರೆದು ಕೇಳಿದೆ. "ಏನೂ ಇಲ್ಲ ಸಾರ್" ಅಂದ. ಇವತ್ತಿನವರೆಗೂ ಹೇಳಿಲ್ಲ.

ಅದೇ ವಾರ ಅವನ ಕಿರುಪರೀಕ್ಷೆಯ ಪೇಪರು ತಿದ್ದಿದೆ. ಪರಿಸರ ಮಾಲಿನ್ಯದ ಮೇಲೆ ಪ್ರಬಂಧ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಮೂವತ್ತೆಂಟು ಪೇಪರುಗಳಲ್ಲಿ ಹೆಚ್ಚುಕಡಿಮೆ ಅದೇ ವಾಕ್ಯಗಳು. ಎಲ್ಲ ಗೈಡಿನವು. ಎಮ್ಮೆಯನ್ನು ಹಿಂಡಿ ತೋರಿಸಿ ಬದುವಿನವರೆಗೆ ತಂದ ಹುಡುಗ ಆ ಮೂವತ್ತೆಂಟರಲ್ಲಿ ಎಲ್ಲಿದ್ದಾನೆ ಎಂದು ಹೆಸರು ನೋಡದೆ ಹೇಳಲು ನನಗೆ ಆಗಲಿಲ್ಲ.

ಹಾಸನ ಜಿಲ್ಲೆಯ ಹಳ್ಳಿಯೊಂದರ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷದಿಂದ ಕನ್ನಡ ಪಾಠ ಮಾಡುತ್ತಿದ್ದೇನೆ. ಈ ಪತ್ರ ಬರೆಯಲು ಕಾರಣ ಆ ಹುಡುಗನೊಬ್ಬನೇ ಅಲ್ಲ, ಇನ್ನೊಬ್ಬ ಹುಡುಗಿಯೂ ಇದ್ದಾಳೆ. ಅವಳ ವಿಚಾರ ಮುಂದೆ ಬರುತ್ತದೆ. ಮೊದಲು ನಮ್ಮ ಭಾಷೆಯ ಒಂದು ತಮಾಷೆ ನೋಡಿ. ಕನ್ನಡದಲ್ಲಿ "ಕಥೆ ಕಟ್ಟಬೇಡ" ಎಂದರೆ ಸುಳ್ಳು ಹೇಳಬೇಡ ಎಂದರ್ಥ. "ನಿನ್ನ ಕಥೆಯೆಲ್ಲ ಬೇಡ" ಎಂದರೆ ಬಾಯಿ ಮುಚ್ಚು ಎಂದರ್ಥ. ಮೇಷ್ಟ್ರ ಬಾಯಲ್ಲಿ, ಅಪ್ಪ ಅಮ್ಮನ ಬಾಯಲ್ಲಿ ದಿನಾ ಈ ಮಾತು ಕೇಳಿ ಬೆಳೆದ ಮಗುವಿಗೆ, ಕಥೆ ಕಟ್ಟುವುದು ಕಲಿಯಬೇಕಾದ ಕೆಲಸ ಎಂದು ಅನ್ನಿಸುವುದಾದರೂ ಹೇಗೆ?

ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆ ಕನ್ನಡಕ್ಕೆ 125 ಅಂಕ. 100 ಪರೀಕ್ಷೆಯಲ್ಲಿ, 25 ಶಾಲೆಯಲ್ಲಿ ನಾವು ಕೊಡುವ ಆಂತರಿಕ ಅಂಕ. ಬೇರೆ ಎಲ್ಲ ವಿಷಯಗಳಿಗೂ 100 ಇರುವಾಗ ಇದಕ್ಕೆ ಮಾತ್ರ 25 ಜಾಸ್ತಿ. ಅಷ್ಟು ದೊಡ್ಡ ಜಾಗದಲ್ಲಿ ಗಾದೆ ವಿಸ್ತರಣೆ ಇದೆ, ಪತ್ರಲೇಖನ ಇದೆ, ಪ್ರಬಂಧ ಇದೆ, ಅಲಂಕಾರ, ಛಂದಸ್ಸು ಇವೆ. ಒಂದು ಕಥೆಯನ್ನು ಶುರುವಿನಿಂದ ಕೊನೆಯವರೆಗೆ ಸ್ವಂತವಾಗಿ ಕಟ್ಟು ಎಂದು ಮಗುವನ್ನು ಕೇಳುವ ಪ್ರಶ್ನೆಯನ್ನು ನಾನು ತಿದ್ದಿದ ಯಾವ ಕನ್ನಡ ಪೇಪರಿನಲ್ಲೂ ಕಂಡಿಲ್ಲ. ಇಂಗ್ಲಿಷ್ ಪೇಪರಿನಲ್ಲಿ ಸುಳಿವು ಕೊಟ್ಟು ಕಥೆ ಬೆಳೆಸಿ ಎಂದು ಕೇಳುವುದುಂಟು. ಬಡ ರೈತ, ಕೋಳಿ, ಚಿನ್ನದ ಮೊಟ್ಟೆ, ದುರಾಸೆ ಎಂಬ ತರಹದ ಸುಳಿವುಗಳು. ಅದು ಕಥೆ ಕಟ್ಟುವುದಲ್ಲ, ಬಿಟ್ಟ ಸ್ಥಳ ತುಂಬುವುದು.

ಅಂದಹಾಗೆ, ಪತ್ರಲೇಖನವನ್ನು ನಾವು ಚೆನ್ನಾಗಿಯೇ ಕಲಿಸುತ್ತೇವೆ. ಇಂದ, ಗೆ, ವಿಷಯ, ಮಾನ್ಯರೇ, ಇತಿ, ಸ್ಥಳ, ದಿನಾಂಕ. ಎಷ್ಟು ಚೆನ್ನಾಗಿ ಎಂದರೆ, ರಜೆ ಬೇಕೆಂದು ಮುಖ್ಯೋಪಾಧ್ಯಾಯರಿಗೆ ಬರೆಯುವ ಪತ್ರದಲ್ಲಿ ನಮ್ಮ ಮಕ್ಕಳಿಗೆಲ್ಲ ಒಂದೇ ದಿನ ಒಂದೇ ಜ್ವರ ಬಂದಿರುತ್ತದೆ.

ಚಿಕ್ಕ ಮಕ್ಕಳ ಮಟ್ಟಿಗೆ ಪರಿಸ್ಥಿತಿ ಇಷ್ಟು ಬರಡಾಗಿಲ್ಲ. ಒಂದರಿಂದ ಮೂರನೇ ಕ್ಲಾಸಿನವರು ಚಟುವಟಿಕೆಗಳ ಮೂಲಕ ಕಲಿಯುವ ನಲಿಕಲಿಯಲ್ಲಿ ಕಥೆ ಇದೆ. ಶಿಕ್ಷಣ ಇಲಾಖೆ ಶಾಲಾಮಕ್ಕಳಿಗೆ ನಡೆಸುವ ಪ್ರತಿಭಾ ಕಾರಂಜಿಯಲ್ಲಿ ಚಿಕ್ಕವರಿಗೆ ಕಥೆ ಹೇಳುವ ಸ್ಪರ್ಧೆ ಇದೆ. ಮೇಲಿನ ಕ್ಲಾಸಿಗೆ ಬಂದಂತೆ ಭಾಷಣ, ಚರ್ಚಾಸ್ಪರ್ಧೆ, ಮಿಮಿಕ್ರಿ, ರಂಗೋಲಿ, ರಸಪ್ರಶ್ನೆ. ಹದಿಮೂರು ದಾಟಿದ ಮಗುವಿಗೆ ಕಥೆಯ ವಯಸ್ಸು ಮುಗಿಯಿತು ಎಂದು ಯಾರು ತೀರ್ಮಾನ ಮಾಡಿದರೋ ಗೊತ್ತಿಲ್ಲ. ನಿಜವಾಗಿ ಅದು ಕಥೆಯ ವಯಸ್ಸು ಶುರುವಾಗುವ ಹೊತ್ತು. ಮನೆಯಲ್ಲಿ ಹೇಳಲಾಗದ ಗುಟ್ಟು ಮೊದಲ ಸಲ ಹುಟ್ಟುವುದು ಆಗಲೇ. ಅಪ್ಪನೂ ತಪ್ಪು ಮಾಡುತ್ತಾನೆ ಎಂದು ತಿಳಿಯುವುದು ಆಗಲೇ.

2025ರ ಮೇ ತಿಂಗಳಲ್ಲಿ ನಮ್ಮ ಹಾಸನದ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡದಲ್ಲಿ ಬರೆದ 12 ಸಣ್ಣಕಥೆಗಳು, ದೀಪಾ ಭಾಸ್ತಿ ಅವರ ಇಂಗ್ಲಿಷ್ ಅನುವಾದ. ಸಣ್ಣಕಥೆಗಳ ಸಂಕಲನಕ್ಕೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಜೂನ್‌ನಲ್ಲಿ ಶಾಲೆ ಶುರುವಾದಾಗ ನಾವೂ ಚಾರ್ಟ್ ಬರೆಸಿದೆವು, ಪ್ರಾರ್ಥನೆಯ ಹೊತ್ತಿಗೆ ಮಾತಾಡಿದೆವು, ಪ್ರಶಸ್ತಿಯ ಹೆಸರನ್ನು ರಸಪ್ರಶ್ನೆಯ ಪಟ್ಟಿಗೆ ಸೇರಿಸಿದೆವು. ಕನ್ನಡಕ್ಕೆ ಬಂದ 8 ಜ್ಞಾನಪೀಠಗಳನ್ನು ಒಂದೇ ಉಸಿರಿನಲ್ಲಿ ಹೇಳುವ ಮಕ್ಕಳಿಗೆ ಒಂಬತ್ತನೇ ಸಾಲು ಕಷ್ಟವೇನಲ್ಲ. ಅವತ್ತು ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: "ಸಾರ್, ಕಥೆ ಹೆಂಗ್ ಬರೀತಾರೆ?" ನನ್ನ ಬಾಯಿಗೆ ಬಂದ ಉತ್ತರ, "ಚೆನ್ನಾಗಿ ಓದಬೇಕು, ಅನುಭವ ಬೇಕು." ಅವಳು ತಲೆಯಾಡಿಸಿದಳು. ನಾನು ಏನೂ ಹೇಳಲಿಲ್ಲ ಎಂದು ನನಗೂ ಗೊತ್ತಾಯಿತು, ಅವಳಿಗೂ ಗೊತ್ತಾಯಿತು. ಈಜು ಹೇಗೆ ಎಂದು ಕೇಳಿದವರಿಗೆ ನೀರಿರಬೇಕು ಎಂದ ಹಾಗೆ.

ಎಂ.ಎ.ಯಲ್ಲಿ ನಾನು ಪಂಚಸಂಧಿಗಳ ಬಗ್ಗೆ ಬರೆದು ಒಳ್ಳೆಯ ಮಾರ್ಕ್ಸ್ ತೆಗೆದವನು. ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ. ನಾಟಕದ ಕಥೆ ಎಲ್ಲಿ ಬಿತ್ತನೆಯಾಗಬೇಕು, ಎಲ್ಲಿ ಕಾಣಿಸಿಕೊಂಡು ಮರೆಯಾಗಬೇಕು, ಎಲ್ಲಿ ಕೈತಪ್ಪಿತು ಅನ್ನಿಸಬೇಕು, ಎಲ್ಲಿ ಎಲ್ಲ ಎಳೆಗಳೂ ಕೂಡಬೇಕು ಎಂದು ಭರತನ ಕಾಲದಿಂದ ನಮ್ಮಲ್ಲಿ ಲೆಕ್ಕ ಇದೆ. ನನಗೆ ಅದು ಐದು ಹೆಸರುಗಳಾಗಿ ಮಾತ್ರ ಗೊತ್ತಿತ್ತು. ಬಿ.ಎಡ್.ನಲ್ಲಿ ಕಥೆಯನ್ನು ಪಾಠ ಮಾಡುವುದು ಹೇಗೆಂದು ಹೇಳಿಕೊಟ್ಟರು, ಕಥೆ ಕಟ್ಟಿಸುವುದು ಹೇಗೆಂದು ಹೇಳಿಕೊಡಲಿಲ್ಲ. ಹದಿನೇಳು ವರ್ಷ ನಾನು ಪ್ರತಿ ಕಥೆಯ ಕೊನೆಗೂ ಕೇಳಿದ್ದು ಒಂದೇ ಪ್ರಶ್ನೆ: "ಇದರ ನೀತಿ ಏನು?" ತಪ್ಪು ನಿಮ್ಮದಷ್ಟೇ ಅಲ್ಲ ಎಂದು ಹೇಳಲು ಇದನ್ನು ಬರೆಯುತ್ತಿದ್ದೇನೆ.

ಕಳೆದ ವರ್ಷ ಶನಿವಾರಗಳ ಕೊನೆಯ ಪಿರಿಯಡ್ಡು ಹೇಗೋ ಉಳಿಸಿಕೊಂಡು ಒಂಬತ್ತನೇ ಕ್ಲಾಸಿಗೆ ಕಥೆ ಕಟ್ಟಿಸಲು ಶುರು ಮಾಡಿದೆ. ಮೊದಲ ವಾರ ಬಂದ ಕಥೆಗಳಲ್ಲಿ ಅರ್ಧದಷ್ಟು ಅಲಾರಾಂ ಹೊಡೆದು ಮುಗಿದವು. ಅಂದರೆ ಎಲ್ಲವೂ ಕನಸಾಗಿತ್ತು. ಉಳಿದವುಗಳಲ್ಲಿ ಲಾರಿ ಬಂದು ಗುದ್ದಿ ಎಲ್ಲರೂ ಸತ್ತರು. ಇವೆರಡರಿಂದ ತಪ್ಪಿಸಿಕೊಂಡವರಿಗೆ ಲಾಟರಿ ಹೊಡೆಯಿತು, ಅದು ನಮ್ಮ ರಾಜ್ಯದಲ್ಲಿ ನಿಂತು ಎಷ್ಟೋ ವರ್ಷವಾಗಿದ್ದರೂ. ಮಕ್ಕಳನ್ನು ಬೈಯಲಿಲ್ಲ. ಕಥೆಯನ್ನು ಹೇಗೆ ಮುಂದಕ್ಕೆ ಒಯ್ಯಬೇಕೆಂದು ಗೊತ್ತಿಲ್ಲದವರು ಅದನ್ನು ಹೇಗಾದರೂ ನಿಲ್ಲಿಸಬೇಕಲ್ಲ.

ಹಾಗೆ ತಿದ್ದುತ್ತಿರುವಾಗ ಒಂದು ಸಂಗತಿ ಹೊಳೆಯಿತು. ಮಕ್ಕಳ ವಾಕ್ಯಗಳೆಲ್ಲ ಹೀಗಿದ್ದವು: "ರಾಜು ಎದ್ದು, ಹಲ್ಲುಜ್ಜಿ, ಸ್ನಾನ ಮಾಡಿ, ತಿಂಡಿ ತಿಂದು, ಬ್ಯಾಗು ಹಾಕಿಕೊಂಡು, ಬಸ್ಸು ಹತ್ತಿ, ಶಾಲೆಗೆ ಹೋದನು." ಕನ್ನಡ ಇದಕ್ಕೆ ಎಷ್ಟು ಬೇಕಾದರೂ ಜಾಗ ಕೊಡುತ್ತದೆ. ಎದ್ದು, ಉಜ್ಜಿ, ಮಾಡಿ, ತಿಂದು ಎಂದು ರೈಲಿನ ಡಬ್ಬಿ ಜೋಡಿಸಿದಂತೆ ಜೋಡಿಸುತ್ತಾ ಹೋಗಬಹುದು, ಒಂದಕ್ಕೂ ಇನ್ನೊಂದಕ್ಕೂ ಕಾರಣದ ನಂಟೇ ಇಲ್ಲದೆ. ಹಲ್ಲುಜ್ಜದಿದ್ದರೂ ರಾಜು ಬಸ್ಸು ಹತ್ತುತ್ತಿದ್ದ. ನಾನು ಒಂದೇ ನಿಯಮ ಮಾಡಿದೆ. ಕಥೆಯ ಮುಖ್ಯ ಘಟನೆಗಳ ನಡುವೆ "ಆಮೇಲೆ" ಬರುವಂತಿಲ್ಲ. "ಆದ್ದರಿಂದ", "ಆದರೆ", "ಆದರೂ", "ಇಲ್ಲದಿದ್ದರೆ" ಇವು ಮಾತ್ರ. ಬಸ್ಸು ತಪ್ಪಿತು, ಆದ್ದರಿಂದ ಮಾಮನ ಬೈಕು ಕೇಳಿದ. ಆದರೆ ಬೈಕಿನಲ್ಲಿ ಪೆಟ್ರೋಲಿರಲಿಲ್ಲ. ಆದರೂ ಇಳಿಜಾರಿನವರೆಗೆ ತಳ್ಳಿಕೊಂಡು ಹೋದ, ಇಲ್ಲದಿದ್ದರೆ ಅವತ್ತು ಹಾಲ್ ಟಿಕೆಟ್ ಕೈಗೆ ಸಿಗುತ್ತಿರಲಿಲ್ಲ.

ವ್ಯಾಕರಣದಲ್ಲಿ ನಾವು ಸಂಬಂಧಾರ್ಥಕಾವ್ಯಯ ಎಂದು ಕಲಿಸುವ ಪದಗಳು ಇವೇ ಅಲ್ವಾ? ಆದ್ದರಿಂದ, ಆದರೆ. ಉದಾಹರಣೆ ಕೊಡಿ, ಒಂದು ಅಂಕ. ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆದ ಆ ಎರಡು ಪದಗಳ ಮೇಲೆ ಇಡೀ ಕಥೆ ನಿಲ್ಲುತ್ತದೆ ಎಂದು ನನಗೆ ಆ ಶನಿವಾರದವರೆಗೆ ತೋಚಿರಲಿಲ್ಲ.

ಮುಂದಿನ ವಾರ "ವೃಕ್ಷಸಾಕ್ಷಿ" ತೆಗೆದುಕೊಂಡೆ. ದುರ್ಗಸಿಂಹನ ಪಂಚತಂತ್ರದ ಕಥೆ, ಹನ್ನೊಂದನೇ ಶತಮಾನದ್ದು. ಹತ್ತನೇ ತರಗತಿಗೆ ನಾನು ಪಾಠ ಮಾಡುತ್ತಾ ಬಂದದ್ದು. ಧರ್ಮಬುದ್ಧಿ, ದುಷ್ಟಬುದ್ಧಿ ಇಬ್ಬರೂ ಸಂಪಾದಿಸಿದ ಹೊನ್ನನ್ನು ಮರದ ಬುಡದಲ್ಲಿ ಹೂಳುತ್ತಾರೆ. ದುಷ್ಟಬುದ್ಧಿ ಗುಟ್ಟಾಗಿ ಅದನ್ನು ಎತ್ತಿಕೊಂಡು ಕಳ್ಳತನವನ್ನು ಧರ್ಮಬುದ್ಧಿಯ ಮೇಲೆ ಹೊರಿಸುತ್ತಾನೆ. ನ್ಯಾಯ ಕೇಳುವವರು ಸಾಕ್ಷಿ ಯಾರೆಂದಾಗ ಮರವೇ ಸಾಕ್ಷಿ ಎನ್ನುತ್ತಾನೆ. ಇಲ್ಲಿಗೆ ನಿಲ್ಲಿಸಿ ಪುಸ್ತಕ ಮುಚ್ಚಿದೆ. "ಅವನು ಹೇಳಿಬಿಟ್ಟ. ಈಗ ರಾತ್ರಿ ಕಳೆದರೆ ಬೆಳಿಗ್ಗೆ ಮರ ಮಾತಾಡಬೇಕು. ನೀವೇ ದುಷ್ಟಬುದ್ಧಿ. ಏನು ಮಾಡ್ತೀರಿ?"

ಅರ್ಧ ಗಂಟೆ ಕ್ಲಾಸು ಸಂತೆಯಾಯಿತು. ಮರದ ಮೇಲೆ ಫೋನು ಕಟ್ಟುತ್ತೇನೆ ಎಂದ ಒಬ್ಬ. ಹನ್ನೊಂದನೇ ಶತಮಾನ ಕಣಯ್ಯಾ ಎಂದು ಪಕ್ಕದವನು ಕುಟ್ಟಿದ. ಹೊನ್ನನ್ನು ರಾತ್ರೋರಾತ್ರಿ ವಾಪಸ್ ಹೂತಿಟ್ಟು ಬಂದರೆ ಎಂದಳು ಒಬ್ಬಳು. ಒಳ್ಳೆಯ ಯೋಚನೆ, ಆದರೆ ಆಗ ಕಥೆ ಮುಗಿದುಹೋಗುತ್ತದೆ ಎಂದು ಅವಳೇ ಹೇಳಿದಳು! ಕೊನೆಗೆ ಪೊಟರೆಯಲ್ಲಿ ಯಾರನ್ನಾದರೂ ಕೂರಿಸಬೇಕು ಎಂಬಲ್ಲಿಗೆ ಬಂದರು. ಯಾರನ್ನು? ಗುಟ್ಟು ಬಿಟ್ಟುಕೊಡದವರನ್ನು. ಅಂದರೆ ಮನೆಯವರನ್ನು. ಅಪ್ಪನನ್ನು! ಸಾವಿರ ವರ್ಷದ ಹಿಂದೆ ಬರೆದ ತಿರುವಿಗೆ ಮಕ್ಕಳು ತಾವೇ ನಡೆದುಕೊಂಡು ಬಂದರು. ಪುಸ್ತಕ ತೆರೆದು ಓದಿದಾಗ ಹಿಂದಿನ ಬೆಂಚಿನವನೊಬ್ಬ ಕೇಳಿದ, "ಸಾರ್, ಅವರಪ್ಪ ಯಾಕ್ ಒಪ್ಕೊಂಡ?" ತಂದೆ ಮೊದಲು ಮಗನಿಗೆ ಬುದ್ಧಿ ಹೇಳುತ್ತಾನೆ, ಇದು ಮನೆತನವನ್ನೇ ಅಳಿಸುವ ಕೆಲಸ ಎನ್ನುತ್ತಾನೆ, ಆದರೂ ಹೋಗಿ ಪೊಟರೆಯಲ್ಲಿ ಕೂರುತ್ತಾನೆ. ಧರ್ಮಬುದ್ಧಿ ಪೊಟರೆಗೆ ಹೊಗೆ ಹಾಕಿಸಿದಾಗ ಉರುಳಿ ಬಿದ್ದು ಸಾಯುತ್ತಾನೆ. ಇಡೀ ಕಥೆಯ ನೋವು ಆ "ಆದರೂ"ದಲ್ಲಿದೆ. ನಮ್ಮ ಪರೀಕ್ಷೆಗೆ ಆ ಮಾತು ಬೇಕಾಗುವುದು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರು ಎಂದು ಬರೆಯಲು.

ಈಗ ನಾನು ಮೊದಲೇ ಹೇಳಿದ ಹುಡುಗಿಯ ವಿಚಾರ, ಅದೇ ಒಂಬತ್ತನೇ ಕ್ಲಾಸಿನವಳು. ಹೆಸರು ಬೇಡ. ಮನೆಯಲ್ಲಿ ಎರಡು ಹಸು, ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಶಾಲೆಗೆ ಬರುವವಳು. ಅವಳ ಮೊದಲ ಕಥೆ ಒಂದು ಪುಟ. ಮಂಜುಳ ಎಂಬ ಹುಡುಗಿ ಡೇರಿಗೆ ಹಾಲು ಒಯ್ದಳು. ಹಾಲಿನ ಗಟ್ಟಿತನ ಅಳೆದಾಗ ಡಿಗ್ರಿ ಬರಲಿಲ್ಲ. ಅಪ್ಪ ಬೈದರು. ಆಮೇಲೆ ಅಜ್ಜಿ ತಾನೇ ನೀರು ಬೆರೆಸಿದ್ದೆಂದು ಹೇಳಿದರು. ಎಲ್ಲರೂ ಸುಖವಾಗಿದ್ದರು. ನೀತಿ: ಸುಳ್ಳು ಹೇಳಬಾರದು.

ಇದನ್ನು ಕ್ಲಾಸಿನ ಮುಂದೆ ಓದಿಸಿದೆ. ಪ್ರಶ್ನೆ ಕೇಳುವ ಹಕ್ಕು ಮಕ್ಕಳದ್ದು, ನಾನು ಬಾಯಿ ಬಿಡುವಂತಿಲ್ಲ ಎಂದು ಮೊದಲೇ ಒಪ್ಪಂದ. "ಅಜ್ಜಿ ನೀರು ಯಾಕ್ ಬೆರೆಸಿದ್ಳು?" ಹುಡುಗಿಗೆ ಗೊತ್ತಿಲ್ಲ. ಒಂದು ವಾರ ಯೋಚಿಸಿ ಬಂದಳು. ಅಜ್ಜಿ ದಿನಾ ಅರ್ಧ ಲೀಟರ್ ಹಾಲನ್ನು ಹಿಂದಿನ ಮನೆಯ ಬಾಣಂತಿಗೆ ಕೊಡುತ್ತಿದ್ದಾಳೆ. ಅಳತೆ ಕಮ್ಮಿಯಾಗಬಾರದು ಎಂದು ನೀರು. "ಹಂಗಾದ್ರೆ ಕೇಳಿ ಕೊಡಬಹುದಿತ್ತಲ್ಲ, ಕದ್ದು ಯಾಕೆ?" ಇನ್ನೊಂದು ವಾರ. ಆ ಬಾಣಂತಿ ಮಂಜುಳನ ಅತ್ತೆ, ಅಪ್ಪನ ತಂಗಿ. ಮನೆಯವರ ಮಾತು ಮೀರಿ ಮದುವೆಯಾದವಳು. ಅವಳ ಹೆಸರು ಆ ಮನೆಯಲ್ಲಿ ಎತ್ತುವಂತಿಲ್ಲ. ಕ್ಲಾಸು ಗಪ್‌ಚುಪ್. ಅಂಥ ಮನೆಗಳು ನಮ್ಮ ಊರಲ್ಲಿ ಎಷ್ಟಿವೆ ಎಂದು ಆ ಮಕ್ಕಳಿಗೆಲ್ಲ ಗೊತ್ತು.

ಮೂರನೇ ವಾರದ ಪ್ರಶ್ನೆ: "ಮಂಜುಳಂಗೆ ಯಾವಾಗ ಗೊತ್ತಾಗುತ್ತೆ?" ಮೊದಲ ಕಥೆಯಲ್ಲಿ ಅಜ್ಜಿ ಬಂದು ಹೇಳಿ ಎಲ್ಲವನ್ನೂ ಸರಿಮಾಡಿಬಿಟ್ಟಿದ್ದಳು. ಈಗ ಹುಡುಗಿ ಅದನ್ನು ತಿರುಗಿಸಿದಳು. ಮೊದಲನೇ ದಿನ ಡೇರಿಯಲ್ಲಿ ಎಲ್ಲರೆದುರು ಅವಮಾನ. ಎರಡನೇ ದಿನ ಅಪ್ಪ ತಾನೇ ಹಾಲು ಕರೆದು ಕ್ಯಾನು ತುಂಬಿಸಿ ಕೊಡುತ್ತಾನೆ, ಆದರೂ ಡಿಗ್ರಿ ಬರುವುದಿಲ್ಲ. ಆದ್ದರಿಂದ ಈಗ ಉಳಿದವಳು ಮಂಜುಳ ಒಬ್ಬಳೇ, ದಾರಿಯಲ್ಲಿ ಹಾಲು ಮಾರಿ ನೀರು ಹಾಕಿದ್ದಾಳೆ ಎಂದು ಅಪ್ಪ ನಂಬುತ್ತಾನೆ. ನಾಳೆಯೂ ಹೀಗೇ ಆದರೆ ಶಾಲೆ ಬಿಡಿಸುತ್ತೇನೆ ಎನ್ನುತ್ತಾನೆ. ಅದೇ ರಾತ್ರಿ ಮಂಜುಳ ಹಿತ್ತಲಿನಲ್ಲಿ ಅಜ್ಜಿಯ ಕೈಯಲ್ಲಿ ಚೊಂಬು ನೋಡುತ್ತಾಳೆ. ಹಿಂದಿನ ಮನೆಯಿಂದ ಕೂಸಿನ ಅಳು ಕೇಳುತ್ತದೆ. ನಿಜ ಹೇಳಿದರೆ ಕೂಸಿಗೆ ಹಾಲಿಲ್ಲ, ಹೇಳದಿದ್ದರೆ ತನಗೆ ಶಾಲೆಯಿಲ್ಲ.

ಇದನ್ನು ನಾನು ಹೇಳಿಕೊಡಲಿಲ್ಲ. ನನಗೆ ಹೇಳಿಕೊಡಲು ಬರುತ್ತಲೂ ಇರಲಿಲ್ಲ. ಯಾರಿಗೆ ಏನು ಬೇಕು, ಅಡ್ಡ ಬರುವುದು ಯಾವುದು, ಗಡುವು ಯಾವಾಗ, ಯಾವುದನ್ನು ಕಳೆದುಕೊಂಡು ಯಾವುದನ್ನು ಉಳಿಸಿಕೊಳ್ಳಬೇಕು ಎಂಬ ನಾಲ್ಕು ಪ್ರಶ್ನೆಗಳನ್ನು ಗೋಡೆಯ ಮೇಲೆ ಬರೆದು ಹಾಕಿದ್ದೆ, ಅಷ್ಟೆ. ಕೊನೆಯ ಬಗ್ಗೆ ದೊಡ್ಡ ಜಗಳವೇ ಆಯಿತು. ಹುಡುಗಿ ಬರೆದದ್ದು ಹೀಗೆ: ಮೂರನೇ ದಿನ ಮಂಜುಳ ಡೇರಿಗೆ ಹೋಗುವ ಮುಂಚೆ ಕ್ಯಾನನ್ನು ಅಪ್ಪನ ಕೈಗೆ ಕೊಟ್ಟು, "ಇವತ್ತು ನೀವೇ ತಗೊಂಡ್ ಹೋಗಿ, ಹಿಂದಿನ ದಾರೀಲಿ ಹೋಗಿ" ಎನ್ನುತ್ತಾಳೆ. ಹಿಂದಿನ ದಾರಿ ಅತ್ತೆಯ ಮನೆಯ ಮುಂದೆ ಹಾದುಹೋಗುತ್ತದೆ. ಅಲ್ಲಿಗೆ ಮುಗಿಯಿತು. ಅಪ್ಪ ಹೋದನೇ, ನಿಂತನೇ, ಬರೆದಿಲ್ಲ. ಅರ್ಧ ಕ್ಲಾಸು ಅನ್ಯಾಯ ಎಂದಿತು. ಉಳಿದರ್ಧ ಸರಿಯಾಗಿದೆ ಎಂದಿತು. ಆ ಹಿಂದಿನ ಬೆಂಚಿನವನು ಮಾತ್ರ ಬೇರೆಯದೇ ಹೇಳಿದ: "ಕೂಸಿನ ಅಳು ಮೊದಲ ಪುಟದಲ್ಲೇ ಒಂದ್ಸಲ ಕೇಳಿಸ್ಬೇಕು ಸಾರ್. ಆಗ ಕೊನೇಲಿ ಕೇಳಿದಾಗ ಝುಮ್ ಅನ್ನುತ್ತೆ." ಹುಡುಗಿ ಹಾಗೆಯೇ ಸೇರಿಸಿದಳು. ಮುಖಸಂಧಿಯಲ್ಲಿ ಬೀಜ ಬಿತ್ತುವುದು ಎಂದು ನಾನು ಎಂ.ಎ.ಯಲ್ಲಿ ಬರೆದದ್ದು ಇದನ್ನೇ.

ಈ ಕಥೆಯನ್ನು ಒಂದು ಸ್ಪರ್ಧೆಗೆ ಕಳುಹಿಸಿದೆ. ಯಾವ ಸ್ಪರ್ಧೆ, ಯಾರು ತೀರ್ಪುಗಾರರು ಎಂಬುದು ಇಲ್ಲಿ ಮುಖ್ಯವಲ್ಲ. ಬಹುಮಾನ ಬರಲಿಲ್ಲ, ಅದು ನನ್ನ ದೂರೂ ಅಲ್ಲ. ಫಲಿತಾಂಶದ ದಿನ ಹುಡುಗಿಯನ್ನು ಕರೆದುಕೊಂಡು ಹೋಗಿದ್ದೆ. ತೀರ್ಪುಗಾರರೊಬ್ಬರು ಅವಳ ಹಾಳೆ ತೆಗೆದು, "ಭಾಷೆ ಚೆನ್ನಾಗಿದೆ, ಆದರೆ ನೀತಿ ಇಲ್ಲ. ಅಜ್ಜಿ ಕಳ್ಳತನ ಮಾಡುವುದನ್ನು ಮಕ್ಕಳು ಬರೆಯಬಾರದು. ಕೊನೆಯೂ ಅರ್ಧಕ್ಕೆ ನಿಂತಿದೆ" ಎಂದರು. ಮೊದಲ ಬಹುಮಾನ ಪಡೆದ ಕಥೆಯಲ್ಲಿ ಒಂದು ಮರ ಮಾತಾಡಿ ನನ್ನನ್ನು ಕಡಿಯಬೇಡಿ ಎಂದು ಕೇಳಿಕೊಂಡಿತ್ತು. ಬಸ್ಸಿನಲ್ಲಿ ವಾಪಸ್ ಬರುವಾಗ ಹುಡುಗಿ ಕೇಳಿದಳು: "ಸಾರ್, ಆ ಮರದೊಳಗೆ ಯಾರ್ ಕೂತಿದ್ರು?" ಇಬ್ಬರೂ ನಕ್ಕೆವು. ಆದರೆ ಊರು ಬರುವವರೆಗೆ ಅವಳು ಮತ್ತೆ ಮಾತಾಡಲಿಲ್ಲ.

ಅದಾದ ಕೆಲವು ವಾರಗಳಿಗೆ ಶಾಲೆಗೆ ಭೇಟಿ ಕೊಟ್ಟ ಅಧಿಕಾರಿಯೊಬ್ಬರು ಗೋಡೆಯ ಮೇಲಿನ ನಾಲ್ಕು ಪ್ರಶ್ನೆ ಓದಿ, ಇದು ಯಾವ ಪಾಠದ ಚಟುವಟಿಕೆ ಎಂದರು. ಯಾವ ಪಾಠದ್ದೂ ಅಲ್ಲ ಸರ್ ಎಂದೆ. ಹಿಂದುಳಿದ ಮಕ್ಕಳನ್ನು ಪಾಸು ಮಾಡಿಸಲು ಓದಿಸುವ ಪಾಸಿಂಗ್ ಪ್ಯಾಕೇಜ್ ಎಲ್ಲಿಗೆ ಬಂತು ಎಂದು ಕೇಳಿದರು. ಅವರು ಕೆಟ್ಟವರಲ್ಲ. ಅವರ ಮೇಲೆ ಫಲಿತಾಂಶದ ಒತ್ತಡ ಇದೆ, ಮೀಟಿಂಗಿನಲ್ಲಿ ಅವರಿಗೂ ಅದೇ ಪ್ರಶ್ನೆ ಬೀಳುತ್ತದೆ. ಡಿಸೆಂಬರಿನಿಂದ ಶನಿವಾರದ ಕೊನೆಯ ಪಿರಿಯಡ್ಡು ಗಣಿತಕ್ಕೆ ಹೋಯಿತು.

ನೀವು ಏನು ಹೇಳಬಹುದೆಂದು ನನಗೆ ಗೊತ್ತು. ಎಲ್ಲ ಮಕ್ಕಳೂ ಕಥೆಗಾರರಾಗುತ್ತಾರಾ ಎನ್ನುತ್ತೀರಿ. ಇಲ್ಲ. ಛಂದಸ್ಸಿನ ಪ್ರಸ್ತಾರ ಹಾಕಿದವರೆಲ್ಲ ಕಂದಪದ್ಯ ಬರೆಯುತ್ತಾರಾ? ಕಥೆಗೆ ಮಾರ್ಕ್ಸ್ ಕೊಡುವುದು ಹೇಗೆ, ಒಬ್ಬ ಮೌಲ್ಯಮಾಪಕ ಒಂದು ಕೊಟ್ಟರೆ ಇನ್ನೊಬ್ಬ ಇನ್ನೊಂದು ಕೊಡುತ್ತಾನೆ ಎನ್ನುತ್ತೀರಿ. ಪ್ರಬಂಧಕ್ಕೆ ಈಗ ಹೇಗೆ ಕೊಡುತ್ತೇವೆ? ಕಥೆಯಲ್ಲಿ ಯಾರಿಗೋ ಏನೋ ಬೇಕಾಗಿದೆಯೇ, ಅದಕ್ಕೆ ಅಡ್ಡಿ ಇದೆಯೇ, ಒಂದು ಘಟನೆ ಹಿಂದಿನದರಿಂದ ಹುಟ್ಟಿದೆಯೇ, ಕೊನೆ ಪಾತ್ರದ ತೀರ್ಮಾನದಿಂದ ಬಂದಿದೆಯೇ ಅಥವಾ ಲಾರಿಯಿಂದ ಬಂದಿದೆಯೇ ಎಂದು ನೋಡುವುದು ಉಪಸಂಹಾರ ಇದೆಯೇ ಎಂದು ನೋಡುವುದಕ್ಕಿಂತ ಕಷ್ಟವೇನಲ್ಲ. ಇನ್ನು ಫೋನಿಗೆ ಹೇಳಿದರೆ ಕಥೆ ಬರೆದುಕೊಡುವ ಕಾಲ ಇದು, ಮಕ್ಕಳು ನಕಲು ಮಾಡುತ್ತಾರೆ ಎಂಬ ಮಾತೂ ಇದೆ. ಹೌದು, ನನಗೂ ಅಂಥ ಮೂರು ಬಂದವು. ಮೂರರ ಕೊನೆಯಲ್ಲೂ ನೀತಿ ಇತ್ತು. ಅಲ್ಲಿಗೇ ಗೊತ್ತಾಯಿತು.

ಆದ್ದರಿಂದ ನನ್ನ ಕೋರಿಕೆಗಳು. ಆಂತರಿಕ ಅಂಕಗಳಿಗಾಗಿ ವರ್ಷದಲ್ಲಿ ನಾವು ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಅಂದರೆ ಕಲಿಕೆಯ ನಡುವೆಯೇ ನಡೆಸುವ ಕಿರುಪರೀಕ್ಷೆ, ಚಟುವಟಿಕೆ ಮಾಡುತ್ತೇವೆ. ಅದರಲ್ಲಿ ಒಂದರ ಚಟುವಟಿಕೆ ಕಥೆ ಕಟ್ಟುವುದೇ ಆಗಿರಲಿ, ಅದೂ ಒಂದೇ ಸಲಕ್ಕೆ ಬರೆದು ಒಪ್ಪಿಸುವುದಲ್ಲ. ಬರೆದು, ಓದಿ, ಪ್ರಶ್ನೆ ಕೇಳಿಸಿಕೊಂಡು, ಮತ್ತೆ ಬರೆಯುವುದು. ಮೊದಲ ಪ್ರತಿಗೂ ಕೊನೆಯ ಪ್ರತಿಗೂ ಆದ ವ್ಯತ್ಯಾಸಕ್ಕೆ ಅಂಕ ಇರಲಿ. ಇದಕ್ಕೆ ಹೊಸ ಹಣ ಬೇಡ, ಹೊಸ ಪುಸ್ತಕ ಬೇಡ. ಒಂದು ಸುತ್ತೋಲೆ ಸಾಕು.

ಪರೀಕ್ಷೆಯಲ್ಲಿ ಪ್ರಬಂಧದ ಜೊತೆಗೆ ಆಯ್ಕೆಯಾಗಿ ಒಂದು ಕಥೆಯ ಸನ್ನಿವೇಶ ಕೊಡಿ. ಕಡ್ಡಾಯ ಬೇಡ. ಭಯವಿದ್ದವರು ಪರಿಸರ ಮಾಲಿನ್ಯವನ್ನೇ ಬರೆಯಲಿ. ಎಮ್ಮೆಯ ಹುಡುಗನಿಗೆ ಒಂದು ಬಾಗಿಲು ತೆರೆದಿರಲಿ. ಪ್ರತಿಭಾ ಕಾರಂಜಿಯಂಥ ಕಡೆಗಳಲ್ಲಿ ಹೈಸ್ಕೂಲಿನವರಿಗೂ ಕಥೆಗೆ ಒಂದು ಜಾಗ ಕೊಡಿ. ತೀರ್ಪುಗಾರರ ಹಾಳೆಯಲ್ಲಿ ನೀತಿ, ಸಂದೇಶ ಎಂಬ ಕಾಲಂ ಇದ್ದರೆ ದಯವಿಟ್ಟು ತೆಗೆಸಿ. ಇದನ್ನು ಬಹಳ ಒತ್ತಿ ಕೇಳುತ್ತಿದ್ದೇನೆ. ನೀತಿಯನ್ನು ಮೊದಲು ಇಟ್ಟುಕೊಂಡು ಹೊರಟ ಮಗು ಅಜ್ಜಿಯ ಚೊಂಬಿನವರೆಗೆ ಹೋಗುವುದೇ ಇಲ್ಲ.

ಕೊನೆಯದು ನಮ್ಮ ಬಗ್ಗೆ. ಕನ್ನಡ ಶಿಕ್ಷಕರ ತರಬೇತಿಗಳಲ್ಲಿ ಎರಡು ದಿನ ನಮ್ಮಿಂದಲೇ ಕಥೆ ಬರೆಸಿ. ಬರೆಯುವುದು ಹೇಗೆಂದು ಉಪನ್ಯಾಸ ಬೇಡ, ಪಿಪಿಟಿ ಬೇಡ. ಮೇಷ್ಟ್ರುಗಳು ಕೂತು ಒಂದೊಂದು ಪುಟ ಬರೆದು, ಬೇರೆ ಮೇಷ್ಟ್ರುಗಳ ಎದುರು ಓದಿ, "ಅಜ್ಜಿ ಯಾಕೆ ನೀರು ಬೆರೆಸಿದಳು" ಎಂಬ ಪ್ರಶ್ನೆಗೆ ತಡವರಿಸಲಿ. ಕಥೆಗಾರರು ನಮ್ಮ ಜಿಲ್ಲೆಗಳಲ್ಲೇ ಇದ್ದಾರೆ, ಕರೆದರೆ ಬರುತ್ತಾರೆ. ವೇಷವಿಲ್ಲದೆ ಕೂತು ಮಾತಿನಲ್ಲೇ ಯಕ್ಷಗಾನದ ಪಾತ್ರ ಕಟ್ಟುವ ತಾಳಮದ್ದಳೆಯ ಅರ್ಥಧಾರಿಗಳನ್ನೂ ಕರೆಯಿರಿ. ಒಂದು ಪಾತ್ರ ಈಗ ಯಾಕೆ ಹೀಗೆ ಮಾಡಿತು ಎಂದು ರಾತ್ರಿಯಿಡೀ ವಾದಿಸಬಲ್ಲವರು ಅವರು.

ಹುಡುಗಿ ಈಗ ಹತ್ತನೇ ಕ್ಲಾಸು. ಹೋದ ವಾರ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, ಕಥೆಯ ಕೊನೆಯನ್ನು ಬದಲಾಯಿಸಬೇಕು ಅನ್ನಿಸಿದೆ, ಅಪ್ಪ ಹಿಂದಿನ ದಾರಿಯಲ್ಲಿ ಹೋದ ಮೇಲೆ ಏನಾಯಿತು ಎಂದು ಈಗ ಗೊತ್ತಾಗಿದೆ, ಹೇಳಲಾ ಸಾರ್ ಎಂದಳು. ನನ್ನ ಕೈಯಲ್ಲಿ ಮಾದರಿ ಪ್ರಶ್ನೆಪತ್ರಿಕೆಗಳ ಕಟ್ಟಿತ್ತು, ಎರಡು ನಿಮಿಷದಲ್ಲಿ ಬೆಲ್ಲು.

ಪರೀಕ್ಷೆ ಮುಗೀಲಮ್ಮ ಎಂದೆ.

ಇತಿ,
ಒಬ್ಬ ಕನ್ನಡ ಮೇಷ್ಟ್ರು
ಹಾಸನ ಜಿಲ್ಲೆ